ತಂಡೇಲನ ಸಹಿ

ಇದನ್ನು ನನಗೆ ಮೊದಲು ಹೇಳಿದವರು ವಾರಿಜತ್ತೆ. ಮಂಜಿ ಹಡಗುಗಳು ಹಾಯಿ ಬಿಚ್ಚಿ ಹೆಂಚು ಸಾಗಿಸುತ್ತಿದ್ದ ಕಾಲದಲ್ಲಿ ಅವರು ನಮ್ಮೂರ ಬಂದರು ಕಚೇರಿಯ ಟೈಪಿಸ್ಟ್.

ಒಂದು ಮಧ್ಯಾಹ್ನ ಅಳಿವೆಯಾಚೆ ಮಂಜಿಯೊಂದು ಮರಳದಿಬ್ಬಕ್ಕೆ ಬಡಿದು ವಾಲಿತು. ಅದರಲ್ಲಿ ಒಂಬತ್ತು ಜನ. ಕಚೇರಿಯ ದೋಣಿ ನಡೆಸುವ ಶೇಷ ಖಾರ್ವಿ ಅಪ್ಪಣೆ ಕೇಳಲು ಓಡಿ ಬಂದ.

ಹೊಸ ಸಾಹೇಬರು ಕನ್ನಡಕ ಒರೆಸಿಕೊಂಡರು. "ರಕ್ಷಣೆಗೆ ದೋಣಿ ಬಿಡಬೇಕಾದರೆ ನಮೂನೆ ಹನ್ನೊಂದು ಬೇಕು. ಅದಕ್ಕೆ ಆ ಮಂಜಿಯನ್ನು ನಡೆಸುವ ತಂಡೇಲನೇ ಸಾಕ್ಷಿಗಳ ಮುಂದೆ ಸಹಿ ಹಾಕಿರಬೇಕು."

"ಅವ ಅಲ್ಲಿ ಮುಳುಗ್ತಾ ಇದ್ದಾನಲ್ಲ ಸಾಹೇಬ್ರೆ!"

"ನಿಯಮ ನಾನು ಮಾಡಿದ್ದಲ್ಲ."

ಶೇಷ ಕಿಟಕಿಯಿಂದ ಕಡಲು ನೋಡಿದ. ಆಮೇಲೆ ಬಹಳ ವಿನಯದಿಂದ ಕೇಳಿದ: "ಹಾಗಾದ್ರೆ ಸಹಿ ತರ್ಲಿಕ್ಕೆ ದೋಣಿ ತಕೊಂಡು ಹೋಗ್ಬಹುದಾ?"

"ಕಾಗದಪತ್ರದ ಕೆಲಸಕ್ಕಾದರೆ ಧಾರಾಳವಾಗಿ ಹೋಗು."

ವಾರಿಜತ್ತೆ ಕೊಟ್ಟ ನಮೂನೆಯನ್ನು ಮುಂಡಾಸಿಗೆ ಸಿಕ್ಕಿಸಿಕೊಂಡು ಶೇಷ ಹೊರಟ. ಗಂಟೆಯೊಳಗೆ ಒಂಬತ್ತೂ ಜನ ನೀರಿಳಿಸುತ್ತಾ ಸಾಹೇಬರ ಮೇಜಿನ ಮುಂದೆ ನಿಂತಿದ್ದರು.

"ಇವರನ್ನು ರಕ್ಷಿಸು ಅಂತ ನಿನಗೆ ಯಾರು ಹೇಳಿದರು?"

"ರಕ್ಷಿಸ್ಲಿಲ್ಲ ಸಾಹೇಬ್ರೆ. ತೆರೆಯ ಮೇಲೆ ಸಹಿ ಸೊಟ್ಟ ಆಗ್ತಿತ್ತು. ನಿಮ್ಮ ಮೇಜಿನ ಮೇಲೇ ಹಾಕ್ಲಿ ಅಂತ ತಂಡೇಲನ್ನ ಕರ್ಕೊಂಡು ಬಂದೆ."

"ಉಳಿದ ಎಂಟು ಜನ?"

"ಸಾಕ್ಷಿಗಳು."

ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ಮರುದಿನ ವಾರಿಜತ್ತೆ ಹೊಸ ಆದೇಶ ಟೈಪ್ ಮಾಡಿದರು: ಮೊದಲು ದೋಣಿ, ಆಮೇಲೆ ನಮೂನೆ.

ಈಗ ಮಂಜಿಗಳಿಲ್ಲ, ಆ ಟೈಪ್ ಮಿಷನ್ನಿನ ಟಕಟಕವಿಲ್ಲ, ಅತ್ತೆಯೂ ಇಲ್ಲ. ಅವರ ಕತೆಯೊಂದು ಮಾತ್ರ ನಿಮ್ಮ ದಡಕ್ಕೆ ಬಂದು ಸೇರಿದೆ. ಮುಂದಿನವರಿಗೆ ದಾಟಿಸಿಬಿಡಿ. ಅದಕ್ಕೆ ಯಾರ ಸಹಿಯೂ ಬೇಡ.