ಮನೆಯಲ್ಲಿ ಸಿಗದ ಮುದುಕರು

ಯಾವ ಸೀಮೆಯ ಮುದುಕರು ಹೆಚ್ಚು ಚಟುವಟಿಕೆಯಿಂದಿದ್ದಾರೋ ಆ ಸೀಮೆಗೆ ಹೊಸ ಕೆರೆ ಎಂದು ಸಾರಿದ ಸಿಂಹರಾಜ, ಅವರ ಚಟುವಟಿಕೆಯನ್ನು ಅಳೆದು ಬರಲು ಮೊಲವನ್ನು ಕಳಿಸಿದ. ಬಡಗಣ ಸೀಮೆಯಲ್ಲಿ ಮುದುಕರೆಲ್ಲ ಮನೆಯಲ್ಲೇ ಮಲಗಿದ್ದರು. ಕೇಳಿದ್ದಕ್ಕೆಲ್ಲ ಆಕಳಿಸುತ್ತಾ ಉತ್ತರ ಕೊಟ್ಟರು. ತೆಂಕಣ ಸೀಮೆಯಲ್ಲಿ ಎಷ್ಟು ಸಲ ಹೋದರೂ ಒಬ್ಬರೂ ಮನೆಯಲ್ಲಿ ಸಿಗಲಿಲ್ಲ. ರೇಗಿದ ಮೊಲ ಆ ಸೀಮೆಗೆ ಸೊನ್ನೆ ಹಾಕಿ ಹೊರಟಿತು.

ದಾರಿಯ ಹೊಳೆ ತುಂಬಿ ಹರಿಯುತ್ತಿತ್ತು. ಅಲ್ಲಿ ಮರಿಗಳನ್ನು ದಾಟಿಸುತ್ತಿದ್ದ ಮುದಿ ಆನೆ ಮೊಲವನ್ನೂ ಬೆನ್ನ ಮೇಲೆ ಕೂರಿಸಿಕೊಂಡಿತು.

ನಡುಹೊಳೆಯಲ್ಲಿ ಮೊಲ ಕೇಳಿತು, “ಅಜ್ಜಿ, ನಿಮ್ಮದು ಯಾವ ಸೀಮೆ?”

“ತೆಂಕಣ ಸೀಮೆ, ಮಗಾ.”

“ಮತ್ತೆ ಮನೆಯಲ್ಲಿ ಯಾಕೆ ಸಿಗಲಿಲ್ಲ? ನಿಮಗೆ ಸೊನ್ನೆ ಬಿತ್ತು!”

ಆನೆ ನಕ್ಕು ನಿಂತಿತು. “ಹಾಗಾದರೆ ನಿನ್ನನ್ನು ಇಲ್ಲೇ ಇಳಿಸಿಬಿಡಲೇ? ಮನೆಗೆ ಹೋಗಿ ಕೂತಿರುತ್ತೇನೆ, ಬಂದು ಅಳೆದುಕೊಂಡು ಹೋಗುವೆಯಂತೆ.”