ಗಿರಿಜಕ್ಕನ ಚಮಚ

ಒಂದೇ ಒರಳಿನಿಂದ ಶೇಂಗಾ ಚಟ್ನಿಯ ಕಾರ್ಖಾನೆ ಕಟ್ಟಿದವಳು ಗಿರಿಜಕ್ಕ. ಅವಳು ರುಚಿ ನೋಡದೆ ಅಲ್ಲಿ ಒಂದು ಡಬ್ಬಿಗೂ ಮುಚ್ಚಳ ಬೀಳುತ್ತಿರಲಿಲ್ಲ. ಬೆಳಗಾವಿಯಲ್ಲಿ ಮಗಳ ಎರಡನೆಯ ಹೆರಿಗೆ ಹತ್ತಿರ ಬಂದರೂ ಹೊರಡಲು ಒಲ್ಲೆ ಎಂದಳು.

ಚಟ್ನಿ ಕುಟ್ಟುವ ನೀಲವ್ವ ಬಟ್ಟಲು ಮುಂದೆ ಹಿಡಿದಳು.

"ಉಪ್ಪು ಕಡಿಮಿ ಆಗೇದ," ಎಂದಳು ಗಿರಿಜಕ್ಕ.

"ಹಾಕ್ತೀನ್ರಿ ಅಕ್ಕಾ," ಎಂದು ನೀಲವ್ವ ಒಳಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಅದೇ ಬಟ್ಟಲು ತಂದಳು.

"ಈಗ ಬರೋಬ್ಬರಿ ಆತು ನೋಡು!"

"ನಾ ಏನೂ ಹಾಕಿಲ್ರಿ ಅಕ್ಕಾ. ವರ್ಷಾತು, ದಿನಾ ಹಿಂಗ ಮಾಡಾಕತ್ತೀನ್ರಿ."

"ಠಕ್ಕಿ! ಇಷ್ಟು ದಿನ ಸುಮ್ಮನಿದ್ದಾಕಿ ಇವತ್ಯಾಕ ಬಾಯಿ ಬಿಟ್ಟಿ?"

"ಅಲ್ಲಿ ನಿಮ್ಮ ಮಗಳು ದಾರಿ ಕಾಯಾಕತ್ತಾಳ್ರಿ."

ಗಿರಿಜಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ರುಚಿ ನೋಡುವ ಚಮಚ ತೆಗೆದು ನೀಲವ್ವನ ಕೈಗಿಟ್ಟಳು.

ಬಸ್ಸು ಹೊರಟಾಗ ಕಿಟಕಿಯಿಂದ ಕೂಗಿದಳು: "ನೀಲವ್ವಾ, ಉಪ್ಪು..."

"ಹಾಕ್ತೀನ್ರಿ ಅಕ್ಕಾ," ಎಂದಳು ನೀಲವ್ವ, ಎಂದಿನಂತೆ.