ಗೊರವಂಕದ ಕೂಲಿ

ಹುಲಿಯ ಆಳ್ವಿಕೆಯಲ್ಲಿದ್ದ ಒಂದು ಕಾಡಿನಲ್ಲಿ, ಆರೋಪ ಹೊತ್ತ ಬಡಪ್ರಾಣಿಗಳ ಪರವಾಗಿ ವಾದಿಸಲು ಒಂದು ಗೊರವಂಕ ಹಕ್ಕಿಯಿತ್ತು. ಅದರ ಕೂಲಿ ಅರಸನ ಕಣಜದಿಂದ ಹೋಗುತ್ತಿತ್ತು. ಕಣಜ ಕಾಯುವ ಮುಳ್ಳುಹಂದಿಗೆ ದುಂದುವೆಚ್ಚವೆಂದರೆ ಆಗದು. "ತಪ್ಪು ಮಾಡಿದವರ ವಾದಕ್ಕೆ ಪ್ರಜೆಗಳ ಕಾಳು ಏಕೆ?" ಎಂದು ಅದು ಆ ಕೂಲಿಯನ್ನು ನಿಲ್ಲಿಸಿತು.

ಅಂದಿನಿಂದ ವಿಚಾರಣೆಗಳು ಬೇಗ ಮುಗಿದವು. ಆದರೆ ಕಣಜವೂ ಮೊದಲಿಗಿಂತ ಬೇಗ ಬರಿದಾಗತೊಡಗಿತು. ಕಾಳೆಲ್ಲ ಸೆರೆಯಾಳುಗಳ ಹೊಟ್ಟೆಗೆಂದು ಸೆರೆಗುಹೆಗೆ ಹೋಗುತ್ತಿತ್ತು. ಮುಳ್ಳುಹಂದಿ ಗುಹೆಯ ಬಾಯಿಗೆ ಹೋಗಿ, "ಒಳಗೆ ಯಾರು?" ಎಂದು ಕೇಳಿತು.

"ಮೊಲ," ಎಂದು ಕತ್ತಲೆಯೊಳಗಿಂದ ಉತ್ತರ ಬಂತು. "ಹೊಳೆಯ ಮೀನು ಕದ್ದು ತಿಂದೆನೆಂದು ಶಿಕ್ಷೆಯಾಗಿದೆ."

"ನೀನು ಹುಲ್ಲು ತಿನ್ನುವವನಲ್ಲವೇ? ಅದನ್ನೇಕೆ ಹೇಳಲಿಲ್ಲ?"

"ಹುಲಿಯ ಎದುರು ನನಗೆ ಬಾಯಿ ಬರಲಿಲ್ಲ."

"ನನಗೂ ಬರಲಿಲ್ಲ," ಎಂದು ಇನ್ನೂ ಆಳದಿಂದ ಒಂದು ದನಿ ಬಂತು. ಅದರ ಹಿಂದೆ ಅದೇ ಮಾತು, ಬೇರೆ ಬೇರೆ ದನಿಗಳಲ್ಲಿ, ಕಿವಿಗೆ ನಿಲುಕದಷ್ಟು ದೂರದವರೆಗೂ ಹಬ್ಬಿತು. ಮುಳ್ಳುಹಂದಿಯ ಮುಳ್ಳುಗಳು ನಿಮಿರಿದವು.

ಅದು ನೇರವಾಗಿ ಹುಲಿಯ ಬಳಿಗೆ ಹೋಯಿತು. "ಪ್ರಭು, ದುಂದು ನನಗೆ ಇಂದಿಗೂ ಆಗದು. ಆದರೆ ಎದುರು ಮಾತಿಲ್ಲದ ಅಧಿಕಾರಕ್ಕಿಂತ ದೊಡ್ಡ ದುಂದು ಬೇರೆಯಿಲ್ಲ. ಗೊರವಂಕಕ್ಕೆ ಕೂಲಿ ಕೊಡಲು ಅಪ್ಪಣೆಯಾಗಲಿ."

ಹುಲಿ "ಆಗಲಿ" ಎಂದಿತು.

ಗೊರವಂಕದ ವಾದದಿಂದ ಮೊಲ ಬಿಡುಗಡೆಯಾಯಿತು. ಆಮೇಲೆ ಆ ಹಕ್ಕಿ ಗುಹೆಯ ಬಾಯಲ್ಲಿ ಕುಳಿತು ಉಳಿದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಿತು. ಹಲವರು ಓಗೊಟ್ಟರು. ಕೆಲವು ಹೆಸರುಗಳಿಗೆ ಕತ್ತಲೆ ಸುಮ್ಮನಿತ್ತು.

"ಇನ್ನೊಮ್ಮೆ ಕರೆ," ಎಂದಿತು ಮುಳ್ಳುಹಂದಿ.